ಕಲರ್

ಬ್ಯಾಡಗಿ ಯಾರ್ಡಿನ ಹಿಂದೆ, ತಗಡಿನ ಶೆಡ್ಡಿನಲ್ಲಿ
ನನ್ನ ಮೇಜು, ಸೂಜಿಯ ಡಬ್ಬಿ,
ಹತ್ತಿ, ಸ್ಪಿರಿಟ್ಟು, ದಪ್ಪ ರಿಜಿಸ್ಟರು.
ಸುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವ ಎಪ್ಪತ್ತು ಹೆಂಗಸರು,
ಎಪ್ಪತ್ತು ಸೀನು.
ಎಪ್ಪತ್ತೊಂದನೆಯದು ನನ್ನದು.

ಮೊದಲು ಬಂದವಳು ಹಜರತಬಿ ನದಾಫ.
ಬೆರಳು ಒರೆಸಿದೆ.
ಚುಚ್ಚುವ ಮೊದಲೇ ಹತ್ತಿ ಕೆಂಪಾಯಿತು.
ಇನ್ನೊಂದು ಹತ್ತಿ. ಅದೂ ಕೆಂಪು.
ಮೂರನೆಯದು ತುಸು ಕೇಸರಿ.
"ಹದಿನಾರು ವರ್ಷದ ಬಣ್ಣ ಬಾಯಾರ,
ಒಂದ ದಿನದಾಗ ಹೋಗೂದಿಲ್ಲ."

ಚುಚ್ಚಿದೆ. ಹಿಂಡಿದ ಮೇಲೆ ಬಂದ ಹನಿ
ಅವಳ ಉಗುರಿನ ಸಂದಿಗಿಂತ ತಿಳಿ,
ಎರಡನೇ ಸಲ ಕುದಿಸಿದ ಚಹದ ಹಾಗೆ.
ಎಂಟು ಪಾಯಿಂಟು ಎರಡು.
"ಎಷ್ಟಕ್ಕ?"
"ಹನ್ನೆರಡಾದ್ರೂ ಇರಬೇಕು."
ಬೆರಳು ಮಡಚಿ ಲೆಕ್ಕ ಹಾಕಿದಳು.
"ಅರ್ಧಕ್ಕಿಂತ ಮ್ಯಾಲೈತಿ. ಪಾಸಾದೆ ಬಿಡ್ರಿ!"
ಶೆಡ್ಡು ನಕ್ಕಿತು. ನಕ್ಕವರಿಗೆಲ್ಲ ಕೆಮ್ಮು.

ಆಚೆ ಕಮಿಷನ್ ಅಂಗಡಿಯ ಹುಡುಗ
ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಕಾಯಿ ತೆಗೆದು
ಬಿಸಿಲಿಗೆ ಹಿಡಿದು ನೋಡುತ್ತಿದ್ದ.
ಡಬ್ಬಿಯೋ ಕಡ್ಡಿಯೋ, ಕಲರ್ ಎಷ್ಟು,
ಅನುಮಾನ ಬಂದರೆ ಕಾಯಿ ಲ್ಯಾಬಿಗೆ ಹೋಗುತ್ತದೆ,
ಸಂಜೆಯೊಳಗೆ ರಿಪೋರ್ಟು.
ಹದಿನಾರು ವರ್ಷ ಇವಳ ಕೆಳರೆಪ್ಪೆ ಎಳೆದು
ಯಾರೂ ನೋಡಿರಲಿಲ್ಲ.
ನಾನು ಎಳೆದೆ:
ಸಿಪ್ಪೆ ಸುಲಿದ ಬೆಳ್ಳುಳ್ಳಿ.

ಏನು ಉಣ್ಣುತ್ತೀ ಅಂತ ಕೇಳಬೇಕು, ಫಾರ್ಮಿನಲ್ಲಿದೆ.
"ರೊಟ್ಟಿ."
ಎಷ್ಟು?
"ಉಳಿದಷ್ಟು."
ಮತ್ತೇನಾದರೂ?
ಸುಮ್ಮನಿದ್ದು, ಸೆರಗಿನ ಗಂಟು ಬಿಚ್ಚಿದಳು.
ತುದಿ ಕಡಿದ ಬಳಪ,
ಮಗನ ದಪ್ತರದಿಂದ ಕದ್ದದ್ದು.
"ಅಂಗಳಕ್ಕ ನೀರು ಹೊಡದಾಗ ಮಣ್ಣಿನ ವಾಸನಿ ಬರ್ತೈತಲ್ರಿ,
ಬಾಯಾಗ ನೀರು ಬರ್ತೈತಿ."
ಮತ್ತೆ ಗಂಟು ಕಟ್ಟಿದಳು, ಬಿಗಿಯಾಗಿ.

ತಿಂಗಳ ಲೆಕ್ಕ ದಿನಗಳಲ್ಲಿ ಹೇಳಲಿಲ್ಲ,
ಹರಿದ ಹಳೇ ಸೀರೆಗಳಲ್ಲಿ ಹೇಳಿದಳು.
ಬಯಲಿಗೆ ಹೋಗುವಾಗ ಬರಿಗಾಲು.
ಚಹಾ ದಿನಕ್ಕೆ ಆರು, ರೊಟ್ಟಿಯ ಬೆನ್ನಿಗೇ ಒಂದು.
"ಹಸಿವು ಸಾಯ್ತೈತ್ರಿ, ಸೋವಿಯೊಳಗ."
ಗುಳಿಗೆ?
"ಕೊಟ್ಟಿದ್ರು, ಹೋದ ಬಸಿರಿನ್ಯಾಗ.
ಕರ್ರಗ ಹೋತು. ಹೆದರಿ ಹಿತ್ತಲಕ್ಕ ಒಗದೆ.
ಕೋಳಿ ತಿಂದ್ವು."
ಹಿಂದಿನಿಂದ ಯಾರೋ:
"ಅದಕ್ಕ ನಿನ್ನ ಹುಂಜ ಅಷ್ಟ ಕೆಂಪ!"

ಆ ನಗುವಿನ ನಡುವೆ ಒಂದು ಗೋಣಿತಟ್ಟು ಖಾಲಿ.
ಜಾಗ ಸಾಲದಿದ್ದರೂ ಯಾರೂ ಅಲ್ಲಿ ಕೂರುವುದಿಲ್ಲ.
ದ್ಯಾಮವ್ವನದು.
ಆಷಾಢದಲ್ಲಿ ಹೆತ್ತಳು, ಹೆಣ್ಣು, ಎರಡು ಕಿಲೋ.
ಹೆರಿಗೆ ಸುಸೂತ್ರ.
ಬೇರೆಯವಳಾಗಿದ್ದರೆ ತಡೆದುಕೊಳ್ಳುವಷ್ಟೇ ರಕ್ತ ಹೋಯಿತು,
ಇವಳಲ್ಲಿ ಹೋಗಲಿಕ್ಕೂ ಇರಲಿಲ್ಲ.
ಆಂಬುಲೆನ್ಸು ಹುಬ್ಬಳ್ಳಿಯ ಕಿಮ್ಸ್ ಕಡೆ ಓಡಿತು.
ಶಿಗ್ಗಾವಿ ದಾಟುವಾಗ
ನರ್ಸು ಕೈಗಡಿಯಾರ ನೋಡಿಕೊಂಡಳಂತೆ.

ನಾನು ಹೇಳಿದ್ದು ದೊಡ್ಡದೇನಲ್ಲ.
ಗುಳಿಗೆ ನುಂಗು, ನಿಂಬೆಹಣ್ಣು ಹಿಂಡಿದ ನೀರು ಕುಡಿ,
ಚಹಾ ಎರಡು ತಾಸು ದೂರ ಇಡು.
ಕರ್ರಗೆ ಹೋದರೆ ಹೆದರಬೇಡ, ಅದು ಕಬ್ಬಿಣ.
ಹುಳದ ಗುಳಿಗೆ ಇಲ್ಲೇ ಚೀಪಿ ತಿನ್ನು. ಕಾಲಿಗೆ ಚಪ್ಪಲಿ.
ಸೀರೆ ಹರಿಯುವ ಲೆಕ್ಕ ಡಾಕ್ಟರಮ್ಮನಿಗೂ ಹೇಳು.
ಹೆಸರುಕಾಳು, ರಾಜಗಿರಿ ಪಲ್ಯ,
ಆದಿತವಾರ ಮಟನ್ ಮಾಡಿದರೆ ನಿನಗೂ ಪಾಲು,
ಬರೀ ರಸವಲ್ಲ, ತುಂಡು.

ಯೋಚಿಸಿದಳು.
"ನಿಂಬಿ ಆಗ್ತೈತಿ. ಚಪ್ಪಲಿ ಆಗ್ತೈತಿ.
ತುಂಡು ಕಷ್ಟ ಐತಿ, ಬಾಯಾರ."

ಮೂರು ತಿಂಗಳ ಮೇಲೆ ತಾನೇ ಬಂದಳು ಆಸ್ಪತ್ರೆಗೆ,
ನೀಲಿ ಹವಾಯಿ ಚಪ್ಪಲಿ ಬಾಗಿಲಲ್ಲಿ ಬಿಟ್ಟು,
ಬಿಟ್ಟದ್ದನ್ನು ಎರಡು ಸಲ ತಿರುಗಿ ನೋಡಿ.
ಮೂರು ಹತ್ತಿ, ಅದೇ ಕೆಂಪು, ಅದೇ ಬೆರಳು.
ತುಂಡು? ಅಂದೆ.
ಇನ್ನೊಂದು ಕೈಯ ಬೆರಳೆತ್ತಿದಳು: ಒಂದು.

ಹತ್ತು ಪಾಯಿಂಟು ಒಂದು.
ಇನ್ನೂ ಹನ್ನೆರಡಲ್ಲ, ಗುಳಿಗೆ ಬಿಡಬೇಡ ಅಂದೆ.
ಚೀಟಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದು
ದಲಾಲಿಯ ಹಾಗೆ ಹುಬ್ಬು ಏರಿಸಿದಳು.
"ರೇಟ್ ಏರೈತಿ.
ಈ ಸಲ ಯಾರಿಗೂ ಕೊಡೂದಿಲ್ಲ,
ಇಟ್ಕೋತೀನಿ."